ಹಳೆಯ ಕಾರಿಗೆ ಹಗುರವಾದ ಶಬ್ದನಿರೋಧ ಮತ್ತು ಶಾಖನಿರೋಧ

ದೆಹಲಿಯ ಓಲ್ಡ್ ರಾಜಿಂದರ್ ನಗರವು 1947ರ ದೇಶವಿಭಜನೆಯ ತರುವಾಯ ನಿರಾಶ್ರಿತರಿಗಾಗಿ ರೂಪುಗೊಂಡ ಬಡಾವಣೆಗಳಲ್ಲಿ ಒಂದು. ಒಂದು ಕಡೆ ಪೂಸಾ ರಸ್ತೆ, ಇನ್ನೊಂದು ಕಡೆ ಶಂಕರ್ ರಸ್ತೆ, ನಡುವೆ ಕಿರಿದಾದ ಓಣಿಗಳು. ಇಂದು ಈ ಬಡಾವಣೆಯು ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧರಾಗುವ ವಿದ್ಯಾರ್ಥಿಗಳಿಂದ ತುಂಬಿದೆ. ಕರ್ನಾಟಕದಿಂದ ಬಂದವರೂ ಅವರಲ್ಲಿ ಅನೇಕರಿದ್ದಾರೆ. ಓಣಿಯ ಇಕ್ಕೆಲಗಳಲ್ಲಿ ಹಗಲೆಲ್ಲ ಬಿಸಿಲಿಗೆ ಒಡ್ಡಿಕೊಂಡು ಕಾರುಗಳು ನಿಂತಿರುತ್ತವೆ. ಅವುಗಳಲ್ಲಿ ಹಲವು ಹತ್ತು ವರ್ಷ ದಾಟಿದವು. 2024ರ ಮೇ 29ರಂದು ನಗರದ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 46.8 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಇಂಥ ದಿನಗಳಲ್ಲಿ ಹಳೆಯ ಕಾರಿನ ತಗಡು ಒಲೆಯ ಮೇಲಿನ ಹೆಂಚಿನಂತಾಗುತ್ತದೆ. ಹೊರಗಿನ ಹಾರ್ನ್ ಸದ್ದು ಸಡಿಲಗೊಂಡ ಬಾಗಿಲುಗಳ ಮೂಲಕ ಒಳಕ್ಕೆ ನುಗ್ಗುತ್ತದೆ. ಸದ್ದು ಮತ್ತು ಸೆಕೆಯು ಚಾಲಕನನ್ನು ದಣಿಸುತ್ತವೆ. ದಣಿದ ಚಾಲಕನ ಗಮನ ಕುಗ್ಗುತ್ತದೆ. ಆದುದರಿಂದ ಇದು ಕೇವಲ ಸುಖದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಸಮೀಪದ ಕರೋಲ್ ಬಾಗ್‌ನ ಕಾರು ಸಾಮಗ್ರಿ ಮಾರುಕಟ್ಟೆಯಲ್ಲಿ ಇದಕ್ಕೆ ಬಗೆಬಗೆಯ ಹಾಳೆಗಳು ದೊರೆಯುತ್ತವೆ. ಯಾವುದನ್ನು, ಎಲ್ಲಿ, ಎಷ್ಟು ಹಾಕಬೇಕು ಎಂಬುದನ್ನು ಅರಿಯದೆ ಕಾರಿನ ಮೈಯೆಲ್ಲ ದಪ್ಪ ಹಾಳೆ ಹೊದಿಸಿದರೆ ಹಣವೂ ವ್ಯರ್ಥ, ಭಾರವೂ ಅಧಿಕ. ಕಡಿಮೆ ತೂಕದಲ್ಲಿ ಹೆಚ್ಚಿನ ಪ್ರಯೋಜನ ಪಡೆಯುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಮೊದಲು ಯೋಚಿಸಬೇಕಾದ ಸಂಗತಿ: ಕಾರಿನ ಆಯುಷ್ಯ

ಖರ್ಚು ಮಾಡುವ ಮುನ್ನ ಆ ಕಾರು ಇನ್ನೆಷ್ಟು ಕಾಲ ರಸ್ತೆಯಲ್ಲಿರಬಲ್ಲದು ಎಂಬುದನ್ನು ತಿಳಿಯುವುದು ಅವಶ್ಯ. ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನಿರ್ಬಂಧಿಸಿತು. 2018ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಜಾರಿಗೊಳಿಸಲು ಆದೇಶಿಸಿತು. 2025ರ ಆಗಸ್ಟ್‌ನಲ್ಲಿ ಅಂಥ ವಾಹನಗಳ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡವೆಂದು ನ್ಯಾಯಾಲಯ ಹೇಳಿತಾದರೂ, ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್ 4 ಮತ್ತು ಅನಂತರದ ಮಾನದಂಡದ ವಾಹನಗಳಿಗೆ ಸೀಮಿತಗೊಳಿಸಿತು.

ಇದರ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮಾರುತಿ 800 ಕಾರು 1983ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿಯೇ ಮೊದಲ ಗ್ರಾಹಕರ ಕೈ ಸೇರಿತು, 2014ರವರೆಗೆ ತಯಾರಾಯಿತು. ಆದರೆ 2010ರ ಏಪ್ರಿಲ್‌ನಲ್ಲಿ ದೆಹಲಿಯೂ ಸೇರಿ 13 ನಗರಗಳಲ್ಲಿ ಭಾರತ್ ಸ್ಟೇಜ್ 4 ಜಾರಿಗೆ ಬಂದಾಗ ಈ ಮಾದರಿಯ ಮಾರಾಟವನ್ನು ಅಲ್ಲಿ ನಿಲ್ಲಿಸಲಾಯಿತು. ಎಂದರೆ ದೆಹಲಿಯಲ್ಲಿ ನೋಂದಣಿಯಾದ ಮಾರುತಿ 800 ಕಾರು ಈಗ 15 ವರ್ಷ ದಾಟಿದ್ದು ಮಾತ್ರವಲ್ಲದೆ ಆ ರಕ್ಷಣೆಯ ಹೊರಗೂ ಉಳಿಯುತ್ತದೆ. ಅಂಥ ಕಾರಿಗೆ ದೆಹಲಿಯಲ್ಲಿ ಹೊದಿಕೆ ಹಾಕಿಸುವುದು ಹಣದ ಅಪವ್ಯಯ. ಊರಿಗೆ ಒಯ್ಯುವ ಉದ್ದೇಶವಿದ್ದರೆ ಮೊದಲು ನಿರಾಕ್ಷೇಪಣಾ ಪತ್ರದ ಸಾಧ್ಯತೆಯನ್ನು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಇದಕ್ಕೆ ಭಿನ್ನವಾಗಿ, 2012 ಅಥವಾ 2013ರಲ್ಲಿ ದೆಹಲಿಯಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರಿಗೆ ಮಿತವಾದ ಖರ್ಚು ಮಾಡುವುದು ಯುಕ್ತ. ಆದೇಶಗಳು ಬದಲಾಗುತ್ತಿರುವುದರಿಂದ ಚಾಲ್ತಿಯಲ್ಲಿರುವ ನಿಯಮವನ್ನು ಕೇಳಿ ತಿಳಿದೇ ಮುಂದುವರಿಯಬೇಕು.

ಸದ್ದು ಒಳಬರುವ ಎರಡು ದಾರಿಗಳು

ಕಾರಿನೊಳಗೆ ಕೇಳುವ ಸದ್ದು ಎರಡು ದಾರಿಗಳಿಂದ ಬರುತ್ತದೆ. ಮೊದಲನೆಯದು ಲೋಹದ ಮೈಯ ಮೂಲಕ. ಎಂಜಿನ್, ಚಕ್ರ ಮತ್ತು ಸೈಲೆನ್ಸರ್‌ಗಳ ಕಂಪನವು ಚೌಕಟ್ಟಿನಲ್ಲಿ ಹರಿದು, ಬಾಗಿಲು, ಚಾವಣಿ, ನೆಲಗಳ ತೆಳು ತಗಡನ್ನು ಅಲುಗಿಸುತ್ತದೆ. ಈ ತಗಡಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದು ತಮಟೆಯ ಚರ್ಮದಂತೆ ಕಂಪಿಸಿ ಸದ್ದು ಹೊರಡಿಸುತ್ತದೆ. ಎರಡನೆಯದು ಗಾಳಿಯ ಮೂಲಕ. ಹಾರ್ನ್, ಬಸ್ಸಿನ ಆರ್ಭಟ, ಗಾಳಿಯ ಸುಯ್ಲು ಇವೆಲ್ಲ ಗಾಜು, ಸಂದು, ರಂಧ್ರಗಳ ಮೂಲಕ ನೇರವಾಗಿ ಒಳಬರುತ್ತವೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ಆಯ್ಕೆ ಸುಲಭ. ಬಾರಿಸಿದ ಕಂಚಿನ ತಟ್ಟೆಯ ಅಂಚಿಗೆ ಬೆರಳು ತಾಗಿಸಿದೊಡನೆ ನಾದ ಅಡಗುತ್ತದೆ. ತಟ್ಟೆಯನ್ನೆಲ್ಲ ಕೈಯಿಂದ ಮುಚ್ಚುವ ಅಗತ್ಯವಿಲ್ಲ. ತಗಡಿನ ಕಂಪನವನ್ನು ತಗ್ಗಿಸುವ ವಿಧಾನವೂ ಇದೇ. ಆದರೆ ಪಕ್ಕದ ಮನೆಯ ಗದ್ದಲವನ್ನು ತಡೆಯಲು ಕಿಟಕಿಯನ್ನೇ ಮುಚ್ಚಬೇಕಾಗುತ್ತದೆ. ಹಾರ್ನ್ ಸದ್ದಿಗೆ ತಗಡಿನ ಮೇಲೆ ಹಾಳೆ ಅಂಟಿಸುವುದರಿಂದ ಹೆಚ್ಚಿನ ಫಲವಿಲ್ಲ. ಬಾಗಿಲಿನ ಸಂದನ್ನು ಮುಚ್ಚಬೇಕು.

ಸಂದಿನ ಮಹತ್ವವನ್ನು ಗಣಿತವೇ ತೋರಿಸುತ್ತದೆ. ಒಂದು ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೆ, ಉಳಿದ 99 ಭಾಗ ಎಷ್ಟೇ ಭಾರವಾಗಿರಲಿ, ಒಟ್ಟು ಶಬ್ದತಡೆಯು 20 ಡೆಸಿಬೆಲ್ ಮೀರಲಾರದು. ಇತ್ತ ತಡೆಗೋಡೆಯ ಭಾರವನ್ನು ಇಮ್ಮಡಿಗೊಳಿಸಿದರೆ ದೊರೆಯುವ ಹೆಚ್ಚಿನ ಲಾಭ ಸುಮಾರು 6 ಡೆಸಿಬೆಲ್ ಮಾತ್ರ. ಆದುದರಿಂದ ಸಂದು ಮುಚ್ಚದೆ ಭಾರ ಏರಿಸುವುದು ತೂತಿನ ಕೊಡಕ್ಕೆ ನೀರು ಸುರಿದಂತೆ.

ತೂಕವಿಲ್ಲದ ಪರಿಹಾರಗಳು

ಯಾವ ಹಾಳೆಯನ್ನೂ ಕೊಳ್ಳುವ ಮುನ್ನ ಈ ಕೆಳಗಿನವನ್ನು ಸರಿಪಡಿಸಬೇಕು. ಇವು ಕಾರಿನ ತೂಕವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ.

1. ಎಂಜಿನ್ ಮೌಂಟಿಂಗ್‌ಗಳು: ವರ್ಷಗಳು ಕಳೆದಂತೆ ಇವುಗಳ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ನಿಂತಲ್ಲಿಯೇ ಸ್ಟಿಯರಿಂಗ್ ಚಕ್ರ ನಡುಗುತ್ತಿದ್ದರೆ ಇವುಗಳನ್ನು ಪರೀಕ್ಷಿಸಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಬಾರಿ ದಹನವಾಗುತ್ತದೆ. ಮೂರು ಸಿಲಿಂಡರಿನದರಲ್ಲಿ 75 ಬಾರಿ. ಈ ಕೆಳಸ್ತರದ ಗುಂಯ್‌ಗುಟ್ಟುವಿಕೆಯನ್ನು ಯಾವ ಹತ್ತಿ, ಸ್ಪಂಜುಗಳೂ ಹೀರಲಾರವು. ಅದನ್ನು ಹುಟ್ಟುವಲ್ಲಿಯೇ ತಡೆಯಬೇಕು.

2. ಸೈಲೆನ್ಸರ್ ಮತ್ತು ಅದನ್ನು ತೂಗುಹಾಕಿದ ರಬ್ಬರ್‌ಗಳು: ಒಡೆದ ಕೊಳವೆಯಿಂದ ಸದ್ದಷ್ಟೇ ಅಲ್ಲ, ವಿಷಾನಿಲವೂ ಒಳಸೇರಬಹುದು.

3. ಟೈರುಗಳು: ಸವೆದು ಗಟ್ಟಿಯಾದ ಟೈರು ವೇಗದಲ್ಲಿ ಮೊರೆಯುತ್ತದೆ. ಗಾಳಿಯ ಒತ್ತಡ ಸರಿಯಾಗಿರಬೇಕು.

4. ಬಾಗಿಲಿನ ಬೀಡಿಂಗ್: ಬಾಗಿಲಿನ ಸಂದಿನಲ್ಲಿ ಕಾಗದದ ಪಟ್ಟಿಯೊಂದನ್ನಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಕಾಗದ ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಬೀಡಿಂಗ್ ಸೊರಗಿದೆ ಎಂದು ತಿಳಿಯಬೇಕು. ರಾತ್ರಿಯಲ್ಲಿ ಒಬ್ಬರು ಒಳಗೆ ಟಾರ್ಚ್ ಬೆಳಗಿಸಿ, ಇನ್ನೊಬ್ಬರು ಹೊರಗೆ ನಿಂತು ನೋಡಿದರೂ ಸಂದುಗಳು ಕಾಣುತ್ತವೆ.

5. ಎಂಜಿನ್ ಮತ್ತು ಆಸನಭಾಗಗಳ ನಡುವಿನ ಗೋಡೆಯ ರಂಧ್ರಗಳು: ತಂತಿ, ಕೇಬಲ್‌ಗಳು ಹಾಯುವ ರಬ್ಬರ್ ಬಿಲ್ಲೆಗಳು ಕಳಚಿದ್ದರೆ ಹೊಸದನ್ನು ಹಾಕಿಸಬೇಕು.

ವಸ್ತುಗಳ ಪರಿಚಯ

ಮಾರಾಟಗಾರರು ಎಲ್ಲ ಹಾಳೆಗಳನ್ನೂ ಒಂದೇ ಹೆಸರಿನಿಂದ ಕರೆಯುವುದುಂಟು. ವಾಸ್ತವವಾಗಿ ಅವುಗಳ ಕೆಲಸ ಬೇರೆ ಬೇರೆ. ಇಲ್ಲಿ ನೀಡಿದ ತೂಕಗಳು ಅಂದಾಜಿನವು.

ಬ್ಯುಟೈಲ್ ಹಾಳೆ: ಬ್ಯುಟೈಲ್ ರಬ್ಬರಿನ ಪದರದ ಮೇಲೆ ಅಲ್ಯೂಮಿನಿಯಂ ಹೊದಿಕೆ. ತಗಡು ಕಂಪಿಸಿದಾಗ ಎರಡು ಲೋಹಗಳ ನಡುವೆ ಸಿಲುಕಿದ ರಬ್ಬರ್ ಎಳೆದಾಡಲ್ಪಟ್ಟು ಕಂಪನಶಕ್ತಿಯನ್ನು ಅತ್ಯಲ್ಪ ಶಾಖವಾಗಿ ಮಾರ್ಪಡಿಸುತ್ತದೆ. 2 ಮಿ.ಮೀ. ದಪ್ಪದ ಹಾಳೆಯ ತೂಕ ಚದರ ಮೀಟರಿಗೆ ಸುಮಾರು 3 ಕಿ.ಗ್ರಾಂ. ಪ್ರತಿ ತಗಡಿನ ನಡುಭಾಗದಲ್ಲಿ, ಒಟ್ಟು ವಿಸ್ತೀರ್ಣದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟು ಅಂಟಿಸಿದರೆ ಪ್ರಯೋಜನದ ಬಹುಪಾಲು ದೊರೆಯುತ್ತದೆ.

ಡಾಂಬರಿನ ಹಾಳೆ: ಬೆಲೆ ಕಡಿಮೆ. ಆದರೆ ಬಿಸಿಲಿನಲ್ಲಿ ಮೆತ್ತಗಾಗಿ ವಾಸನೆ ಬೀರುತ್ತದೆ; ಚಾವಣಿಯಿಂದ ಕಳಚಿ ಬೀಳುವ ಸಂಭವವಿದೆ. ದೆಹಲಿಯ ಅಥವಾ ಕಲಬುರಗಿ, ರಾಯಚೂರಿನ ಬೇಸಗೆಗೆ ಇದು ತಕ್ಕುದಲ್ಲ.

ಮುಚ್ಚುಕೋಶದ ಫೋಮ್: ಇದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ; ಆದುದರಿಂದ ನೀರು ಹೀರದು. 6 ಮಿ.ಮೀ. ದಪ್ಪದ ಪಾಲಿಎಥಿಲೀನ್ ಫೋಮ್ ಚದರ ಮೀಟರಿಗೆ 200 ಗ್ರಾಂ ಆಸುಪಾಸು ತೂಗುತ್ತದೆ. ಶಾಖ ತಡೆಯಲು ಮತ್ತು ಪ್ಲಾಸ್ಟಿಕ್ ಭಾಗಗಳ ಕಿರಿಕಿರಿ ಸದ್ದನ್ನು ನಿಲ್ಲಿಸಲು ಇದು ಉತ್ತಮ. ಶಬ್ದವನ್ನು ಹೀರುವ ಗುಣ ಇದಕ್ಕೆ ಕಡಿಮೆ.

ನಮದಾ ಮತ್ತು ಪಾಲಿಯೆಸ್ಟರ್ ನಾರಿನ ಹಾಸು: ಸೆಣಬು, ಹಳೆಯ ಹತ್ತಿ ಅಥವಾ ಪಾಲಿಯೆಸ್ಟರ್ ನಾರುಗಳಿಂದ ಒತ್ತಿ ಮಾಡಿದ್ದು. 20 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಅರ್ಧದಿಂದ ಒಂದು ಕಿ.ಗ್ರಾಂ. ಗಾಳಿಯ ಸುಯ್ಲು, ಟೈರಿನ ಸರಸರ ಮುಂತಾದ ಮೇಲ್ಸ್ತರದ ಸದ್ದನ್ನು ಹೀರುತ್ತದೆ. ಸೆಣಬು, ಹತ್ತಿಗಳು ಒದ್ದೆಯಾದರೆ ಬೂಸ್ಟು ಹಿಡಿದು ನೆಲದ ತಗಡಿಗೆ ತುಕ್ಕು ತರುತ್ತವೆ. ನೀರು ಸೋರುವಲ್ಲಿ ಪಾಲಿಯೆಸ್ಟರ್ ಮೇಲು.

ಭಾರದ ವಿನೈಲ್ ಹಾಳೆ: ಚದರ ಮೀಟರಿಗೆ ಸುಮಾರು 5 ಕಿ.ಗ್ರಾಂ. ಗಾಳಿಯ ಮೂಲಕ ಬರುವ ಸದ್ದನ್ನು ಇದು ತಡೆಯುತ್ತದೆ. ಎಂಜಿನ್ ಗೋಡೆಯ ಒಳಬದಿಯಲ್ಲಿ ಸಣ್ಣ ತುಂಡಾಗಿ ಬಳಸಬಹುದು. ನೆಲಕ್ಕೆಲ್ಲ ಹಾಸುವುದು ಹಗುರ ಕಾರಿಗೆ ಹೊರೆ.

ಕೊಳ್ಳುವಾಗ ಹಾಳೆಯ ದಪ್ಪವನ್ನು ಮಾತ್ರ ನೋಡಬಾರದು. ಪೆಟ್ಟಿಗೆಯನ್ನು ತೂಗಿಸಿ, ಒಳಗಿನ ಹಾಳೆಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಚದರ ಮೀಟರಿನ ತೂಕ ತಿಳಿಯುತ್ತದೆ. ಬ್ಯುಟೈಲ್ ಎಂದು ಹೇಳಿ ಡಾಂಬರು ಕೊಡುವುದೂ ಉಂಟು: ಹಾಳೆಯ ತುಂಡೊಂದನ್ನು ಒಂದು ಮಧ್ಯಾಹ್ನ ಬಿಸಿಲಿನಲ್ಲಿಟ್ಟು ನೋಡಿದರೆ, ಡಾಂಬರು ತನ್ನ ವಾಸನೆಯಿಂದಲೇ ಗುರುತು ಸಿಗುತ್ತದೆ.

ಶಾಖದ ಲೆಕ್ಕ

ನಡುಹಗಲಿನ ನೇರ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿಯನ್ನು ಹೊತ್ತು ತರುತ್ತದೆ. ಅದು ಗಾಜಿನ ಮೂಲಕ ಒಳಹೊಕ್ಕು ಆಸನಗಳನ್ನು ಕಾಯಿಸುತ್ತದೆ. ಚಾವಣಿಯ ತಗಡನ್ನು ಕಾಯಿಸಿ ಅಲ್ಲಿಂದ ಕೆಳಗಿಳಿಯುತ್ತದೆ. ಎಂಜಿನ್ ಮತ್ತು ಸೈಲೆನ್ಸರ್‌ಗಳ ಬಿಸಿ ನೆಲದಿಂದ ಏರುತ್ತದೆ. ಬಿಸಿಲಿನಲ್ಲಿ ಮುಚ್ಚಿಟ್ಟ ಕಾರಿನ ಒಳ ಉಷ್ಣತೆಯು ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಏರಬಲ್ಲದು; ಆ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗುತ್ತದೆ. ಯಾವ ಹೊದಿಕೆಯೂ ಇದನ್ನು ತಡೆಯದು. ಆದಕಾರಣ ಮಕ್ಕಳನ್ನು, ವೃದ್ಧರನ್ನು, ಸಾಕುಪ್ರಾಣಿಗಳನ್ನು ನಿಂತ ಕಾರಿನಲ್ಲಿ ಕ್ಷಣಕಾಲವೂ ಬಿಟ್ಟು ಹೋಗಕೂಡದು.

ಹೊದಿಕೆಯ ಉಪಯೋಗ ಕಾರು ಓಡುವಾಗ ಕಾಣುತ್ತದೆ: ಏರ್‌ಕಂಡಿಷನರ್ ತಂಪುಮಾಡಿದ ಗಾಳಿ ಬೇಗ ಬಿಸಿಯಾಗುವುದಿಲ್ಲ. ನಿಶ್ಚಲ ಗಾಳಿಯು ಶಾಖವನ್ನು ಬಹಳ ಕಡಿಮೆ ಸಾಗಿಸುತ್ತದೆ. ಕಂಬಳಿ ಬೆಚ್ಚಗಿಡುವುದು ಉಣ್ಣೆಯ ನಡುವೆ ಸಿಲುಕಿದ ಗಾಳಿಯಿಂದ. ಫೋಮಿನ ಗುಟ್ಟೂ ಅದೇ. ಫೋಮಿನ ದಪ್ಪವನ್ನು ಇಮ್ಮಡಿಗೊಳಿಸಿದರೆ ಅದರ ಮೂಲಕ ಹರಿಯುವ ಶಾಖ ಅರ್ಧಕ್ಕೆ ಇಳಿಯುತ್ತದೆ, ತೂಕ ಮಾತ್ರ ಕೆಲವು ನೂರು ಗ್ರಾಂ ಏರುತ್ತದೆ. ಶಾಖನಿರೋಧವು ಸ್ವಭಾವತಃ ಹಗುರ ಎಂಬುದನ್ನು ಇಲ್ಲಿ ಗಮನಿಸಬೇಕು.

ಹೊಳೆಯುವ ಅಲ್ಯೂಮಿನಿಯಂ ಹಾಳೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅದು ವಿಕಿರಣವನ್ನು ಹಿಂದಿರುಗಿಸಬೇಕಾದರೆ ಅದರ ಮುಂದೆ ಒಂದೆರಡು ಸೆಂಟಿಮೀಟರ್ ಗಾಳಿಯ ತೆರವು ಇರಬೇಕು. ತಗಡಿಗೆ ಒತ್ತಿ ಅಂಟಿಸಿದಾಗ ಹೊಳಪು ನಿಷ್ಪ್ರಯೋಜಕ. ಅಲ್ಯೂಮಿನಿಯಂ ಉತ್ತಮ ಶಾಖವಾಹಕವಾದ್ದರಿಂದ ಬಿಸಿ ನೇರವಾಗಿ ದಾಟುತ್ತದೆ. ಚಾವಣಿಯಲ್ಲಿ ಫೋಮನ್ನು ತಗಡಿಗೆ ಅಂಟಿಸಿ, ಹೊಳಪಿನ ಮುಖವನ್ನು ಕೆಳಗಿನ ತೆರವಿನ ಕಡೆಗೆ ಇಡುವುದು ಸರಿಯಾದ ಕ್ರಮ.

ಗಾಜಿಗೆ ಮನಬಂದಂತೆ ಕಪ್ಪು ಫಿಲ್ಮ್ ಅಂಟಿಸಕೂಡದು. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50 ಬೆಳಕು ಹಾಯಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಅನಂತರ ನಿಯಮಕ್ಕೆ ತಿದ್ದುಪಡಿಯಾಗಿರುವುದರಿಂದ ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಕೈಹಾಕಬಾರದು. ನಿಂತ ಕಾರಿನ ಮುಂಗಾಜಿಗೆ ಬೆಳ್ಳಿಬಣ್ಣದ ಮಡಚುವ ಪರದೆ ಇಡುವುದು ಅಗ್ಗವೂ ಹಗುರವೂ ಆದ ಉಪಾಯ. ಹೊರಡುವ ಮುನ್ನ ಅದನ್ನು ತೆಗೆದಿಡಬೇಕು.

ತೂಕದ ಹೋಲಿಕೆ

ಸುಮಾರು 850 ಕಿ.ಗ್ರಾಂ. ತೂಗುವ ಸಣ್ಣ ಕಾರೊಂದನ್ನು ತೆಗೆದುಕೊಳ್ಳೋಣ. ಅದರ ಚಾವಣಿ, ಬಾಗಿಲು, ನೆಲ ಮತ್ತು ಡಿಕ್ಕಿಗಳಲ್ಲಿ ಹೊದಿಸಬಹುದಾದ ತಗಡು ಒಟ್ಟು 8 ಚದರ ಮೀಟರ್ ಎಂದು ಭಾವಿಸೋಣ.

ಮೊದಲ ಕ್ರಮ, ಎಲ್ಲವನ್ನೂ ಹೊದಿಸುವುದು: ಬ್ಯುಟೈಲ್ 8 ಚದರ ಮೀಟರಿಗೆ 24 ಕಿ.ಗ್ರಾಂ., ನೆಲದ 3 ಚದರ ಮೀಟರಿಗೆ ವಿನೈಲ್ 15 ಕಿ.ಗ್ರಾಂ., ಫೋಮ್ 1.6 ಕಿ.ಗ್ರಾಂ. ಒಟ್ಟು 40.6 ಕಿ.ಗ್ರಾಂ.

ಎರಡನೆಯ ಕ್ರಮ, ಆಯ್ದು ಹೊದಿಸುವುದು: ಬ್ಯುಟೈಲ್ 2.4 ಚದರ ಮೀಟರಿಗೆ 7.2 ಕಿ.ಗ್ರಾಂ., ಫೋಮ್ 1.6 ಕಿ.ಗ್ರಾಂ., ನಾರಿನ ಹಾಸು 4 ಚದರ ಮೀಟರಿಗೆ 2.8 ಕಿ.ಗ್ರಾಂ., ಎಂಜಿನ್ ಗೋಡೆಗೆ ಅರ್ಧ ಚದರ ಮೀಟರ್ ವಿನೈಲ್ 2.5 ಕಿ.ಗ್ರಾಂ., ಹೊಸ ಬೀಡಿಂಗ್ ಸುಮಾರು 1 ಕಿ.ಗ್ರಾಂ. ಒಟ್ಟು 15.1 ಕಿ.ಗ್ರಾಂ.

ವ್ಯತ್ಯಾಸ 25.5 ಕಿ.ಗ್ರಾಂ. ಸಾಮಾನ್ಯ ಅಂದಾಜಿನಂತೆ 45 ಕಿ.ಗ್ರಾಂ. ಹೆಚ್ಚುವರಿ ತೂಕಕ್ಕೆ ಇಂಧನದ ಮಿತವ್ಯಯವು ಶೇ. 1ರಷ್ಟು ತಗ್ಗುತ್ತದೆ, ಹಗುರ ಕಾರಿನಲ್ಲಿ, ನಿಂತು ನಿಂತು ಸಾಗುವ ನಗರ ಸಂಚಾರದಲ್ಲಿ ತುಸು ಹೆಚ್ಚು. ಇಂಧನದ ನಷ್ಟ ದೊಡ್ಡದಲ್ಲವೆಂಬುದು ನಿಜ. ಆದರೆ 40 ಕಿ.ಗ್ರಾಂ. ಎಂದರೆ ಶಾಲೆಗೆ ಹೋಗುವ ಒಬ್ಬ ಬಾಲಕನನ್ನು ಎಂದೆಂದಿಗೂ ಕೂರಿಸಿಕೊಂಡು ಹೋದಂತೆ. ಹಳೆಯ ಸ್ಪ್ರಿಂಗು, ಬ್ರೇಕುಗಳ ಮೇಲೆ ಆ ಹೊರೆ ಬೀಳುತ್ತದೆ. ಬ್ಯುಟೈಲಿನ ಖರ್ಚೂ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಅಳವಡಿಸುವ ಕ್ರಮ

ಮೊದಲು ಆಸನ, ನೆಲಹಾಸುಗಳನ್ನು ತೆಗೆದು ತುಕ್ಕು ಮತ್ತು ನೀರಿನ ಸೋರಿಕೆ ಪರೀಕ್ಷಿಸಬೇಕು. ತುಕ್ಕಿನ ಮೇಲೆ ಹಾಳೆ ಅಂಟಿಸುವುದೆಂದರೆ ಹುಣ್ಣನ್ನು ಶುಚಿಮಾಡದೆ ಪಟ್ಟಿ ಕಟ್ಟಿದಂತೆ. ತಗಡನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ, ಟಣ್ ಎಂದು ಮೊಳಗುವ ಭಾಗಗಳಿಗೆ ಬ್ಯುಟೈಲ್ ಬೇಕು. ಮೊದ್ದಾಗಿ ಕೇಳುವ ಭಾಗಗಳಿಗೆ ಬೇಡ. ಎಣ್ಣೆ, ಧೂಳು ಒರೆಸಿ, ಹಾಳೆಯನ್ನು ರೋಲರಿನಿಂದ ಗಾಳಿಗುಳ್ಳೆ ಉಳಿಯದಂತೆ ಒತ್ತಬೇಕು. ಅದರ ಮೇಲೆ ಫೋಮ್, ಕೊನೆಯಲ್ಲಿ ನಾರಿನ ಹಾಸು. ಒಂದು ಭಾಗ ಮುಗಿಸಿ, ಕಾರನ್ನು ಓಡಿಸಿ ನೋಡಿ, ಸಾಕೆನಿಸಿದರೆ ಅಲ್ಲಿಯೇ ನಿಲ್ಲಿಸುವುದು ಜಾಣತನ.

ಎಚ್ಚರಿಕೆಗಳು

1. ಬೆಂಕಿ: ವಾಹನದ ಒಳಭಾಗದ ವಸ್ತುಗಳ ದಹನಗುಣಕ್ಕೆ ಭಾರತೀಯ ಮಾನಕ ಐಎಸ್ 15061 ಇದೆ. ಅದಕ್ಕೆ ಅನುಗುಣವಾದ ವಸ್ತುವನ್ನೇ ಕೇಳಿ ಕೊಳ್ಳಬೇಕು. ಮನೆ ಕಟ್ಟಡದ ಸ್ಪಂಜು, ಪ್ಯಾಕಿಂಗ್ ಥರ್ಮೋಕೋಲ್‌ಗಳನ್ನು ಕಾರಿನಲ್ಲಿ ಬಳಸಕೂಡದು.

2. ಬಾನೆಟ್ಟಿನ ಒಳಬದಿ: ಎಣ್ಣೆ ಹೀರುವ ತೆರೆದ ಸ್ಪಂಜು ಇಲ್ಲಿ ಅಪಾಯಕಾರಿ. ಶಾಖ ತಾಳುವ, ಮೇಲ್ಮೈ ಮುಚ್ಚಿದ ಗಾಜುನಾರಿನ ಹಾಸು ಮಾತ್ರ ಯುಕ್ತ. ಸೈಲೆನ್ಸರ್ ಕೊಳವೆಗೆ ಯಾವುದೂ ತಾಗಬಾರದು.

3. ಸಿಎನ್‌ಜಿ ಕಾರುಗಳು: ದೆಹಲಿಯಲ್ಲಿ ಇವು ಬಹಳ. ಡಿಕ್ಕಿಯಲ್ಲಿನ ಸಿಲಿಂಡರ್, ಅದರ ಕವಾಟ ಮತ್ತು ಅನಿಲ ಹೊರಹೋಗುವ ಕೊಳವೆಗಳನ್ನು ಮುಚ್ಚಲೇಬಾರದು. ಸೋರಿದ ಅನಿಲ ಹೊರಹೋಗುವ ದಾರಿ ಸದಾ ತೆರೆದಿರಬೇಕು.

4. ನೀರು ಇಳಿಯುವ ರಂಧ್ರಗಳು: ಬಾಗಿಲಿನ ತಳದ ರಂಧ್ರಗಳು ಮುಚ್ಚಿದರೆ ಮಳೆಗಾಲದಲ್ಲಿ ಬಾಗಿಲೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.

5. ಏರ್‌ಬ್ಯಾಗ್: ಇರುವ ಕಾರುಗಳಲ್ಲಿ ಅದರ ತಂತಿ, ಆಸನದ ಕೆಳಗಿನ ಜೋಡಣೆಗಳನ್ನು ತಿಳಿದ ಕೆಲಸಗಾರರೇ ಮುಟ್ಟಬೇಕು. ಅದು ಅರಳುವ ಜಾಗದಲ್ಲಿ ಹಾಳೆ ಇರಬಾರದು.

6. ಪೂರ್ಣ ನಿಶ್ಶಬ್ದ ಬೇಡ: ಆಂಬುಲೆನ್ಸಿನ ಸೈರನ್, ಹಿಂದಿನ ವಾಹನದ ಸೂಚನೆ ಚಾಲಕನಿಗೆ ಕೇಳಬೇಕು. ಸರ್ ಗಂಗಾರಾಮ್ ಆಸ್ಪತ್ರೆಯ ಸಮೀಪದ ಈ ಬಡಾವಣೆಯಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ನಮ್ಮ ಕಾರಿನೊಳಗೆ ಮೌನ ಬಯಸುವ ನಾವು ಆಸ್ಪತ್ರೆಯ ಬಳಿ ಹಾರ್ನ್ ಒತ್ತದಿರುವುದು ಕರ್ತವ್ಯ.

ಸಾರಾಂಶ

ಮೊದಲು ಕಾರಿನ ಕಾನೂನುಬದ್ಧ ಆಯುಷ್ಯವನ್ನು ತಿಳಿಯಿರಿ. ಸದ್ದಿನ ಮೂಲವನ್ನು ದುರಸ್ತಿ ಮಾಡಿಸಿ. ಸಂದುಗಳನ್ನು ಮುಚ್ಚಿ. ಮೊಳಗುವ ತಗಡಿನ ನಡುಭಾಗಕ್ಕೆ ಮಾತ್ರ ಬ್ಯುಟೈಲ್, ಚಾವಣಿಗೆ ಫೋಮ್, ನೆಲಕ್ಕೆ ನಾರಿನ ಹಾಸು ಹಾಕಿಸಿ. ನೀರು, ಗಾಳಿ, ಅನಿಲಗಳ ದಾರಿಗಳನ್ನು ತೆರೆದಿಡಿ. ಈ ಕ್ರಮ ಅನುಸರಿಸಿದರೆ ಸುಮಾರು ಹದಿನೈದು ಕಿ.ಗ್ರಾಂ. ತೂಕದಲ್ಲಿ, ಮಿತವಾದ ಖರ್ಚಿನಲ್ಲಿ ಹಳೆಯ ಕಾರು ಸಹ್ಯವಾದ ವಾಹನವಾಗುತ್ತದೆ.

ಅಭ್ಯಾಸ

1. ಹಾರ್ನ್ ಸದ್ದು ತಡೆಯಲು ಬ್ಯುಟೈಲ್ ಹಾಳೆಗಿಂತ ಬೀಡಿಂಗ್ ಹೆಚ್ಚು ಉಪಯುಕ್ತ ಏಕೆ?

2. ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು ತಗಡಿಗೆ ಒತ್ತಿ ಅಂಟಿಸಿದರೆ ಏನಾಗುತ್ತದೆ?

3. ಒಂದು ಪೆಟ್ಟಿಗೆಯಲ್ಲಿ 2 ಚದರ ಮೀಟರ್ ಹಾಳೆಗಳಿದ್ದು ಅವು 7 ಕಿ.ಗ್ರಾಂ. ತೂಗುತ್ತವೆ. ನಿಮ್ಮ ಕಾರಿನ 2.4 ಚದರ ಮೀಟರಿಗೆ ಆ ಹಾಳೆಯನ್ನು ಬಳಸಿದರೆ ಎಷ್ಟು ತೂಕ ಸೇರುತ್ತದೆ?